ಜಪಾನಿನ ವ್ಯೋಮಕಥೆ: ತಂದ ಸಾಲವೂ ಯಂತ್ರದ ಬೆರಗೂ

ಜಪಾನೀಯರ ಆಕಾಶಯಾನದ ಚಿತ್ರಕಥೆಗಳನ್ನು ಕುರಿತು ಎರಡು ಆಕ್ಷೇಪಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಕಥೆ ಪಾಶ್ಚಾತ್ಯರಿಂದ ತಂದುದು ಎಂಬುದು ಒಂದು. ಅಲ್ಲಿಯ ಬೆರಗು ಯಂತ್ರದಿಂದ ಹುಟ್ಟಿದುದೇ ಹೊರತು ಕಲೆಯಿಂದ ಹುಟ್ಟಿದುದಲ್ಲ ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡೂ ನಿಜವೆಂದೇ ತೋರುತ್ತವೆ. ಆದರೆ ಬಿತ್ತನೆಗೆ ತಂದ ಸಾಲವೂ ಉಂಡು ತೀರಿಸಿದ ಸಾಲವೂ ಒಂದೇ ಅಲ್ಲವಷ್ಟೆ. ಈ ಭೇದವನ್ನು ಅರಿಯುವುದಕ್ಕೆ 1984ರಲ್ಲಿ ತೆರೆಗೆ ಬಂದ ‘ಲೆನ್ಸ್‌ಮನ್’ ಎಂಬ ಚಿತ್ರ ಒಳ್ಳೆಯ ನಿದರ್ಶನವಾಗಿದೆ. ಯೋಶಿಯಾಕಿ ಕವಾಜಿರಿ, ಕಜುಯುಕಿ ಹಿರೋಕವಾ ಎಂಬಿಬ್ಬರು ಅದರ ನಿರ್ದೇಶಕರು. ಮ್ಯಾಡ್‌ಹೌಸ್ ಎಂಬ ಚಿತ್ರಶಾಲೆಯವರು ಅದನ್ನು ರಚಿಸಿದರು.

ಕಥೆಯ ಮೂಲ ಅಮೆರಿಕದ್ದು. ಇ. ಇ. ಸ್ಮಿತ್ ಎಂಬ ಗ್ರಂಥಕರ್ತನ ‘ಗ್ಯಾಲಕ್ಟಿಕ್ ಪೆಟ್ರೋಲ್’ ಎಂಬ ಕಾದಂಬರಿ 1937-38ರಲ್ಲಿ ಅಲ್ಲಿಯ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಹೊರಟಿತು. ಕಿಂಬಲ್ ಕಿನ್ನಿಸನ್ ಎಂಬ ತರುಣನು ಕಠಿನವಾದ ಶಿಕ್ಷಣವನ್ನು ಮುಗಿಸಿ, ತನ್ನ ಯೋಗ್ಯತೆಯಿಂದ ‘ಲೆನ್ಸ್’ ಎಂಬ ದಿವ್ಯಾಭರಣವನ್ನು ಪಡೆಯುತ್ತಾನೆ. ಮಣಿಕಟ್ಟಿನಲ್ಲಿ ಧರಿಸುವ ಆ ಮಣಿಯ ಬಲದಿಂದ ಮನಸ್ಸು ಮನಸ್ಸಿನೊಡನೆ ಮಾತನಾಡಬಲ್ಲುದು. ಒಬ್ಬನಿಗೆಂದು ರೂಪಿಸಿದುದು ಮತ್ತೊಬ್ಬನಿಗೆ ಸಲ್ಲದು. ಧರಿಸಿದವನು ಅಳಿದರೆ ಅದೂ ಅಳಿಯುವುದು. ವ್ಯಕ್ತಿಯ ಅಂತಸ್ಸತ್ತ್ವವೇ ಕಣ್ಣಿಗೆ ಕಾಣುವ ಗುರುತಾಗಿ ನಿಂತಿದೆ ಎಂಬುದೇ ಸ್ಮಿತ್ತನ ಕಲ್ಪನೆಯ ತಿರುಳು.

ಜಪಾನಿನ ಚಿತ್ರದಲ್ಲಿ ಕಿನ್ನಿಸನ್ನನು ದೂರದ ಗ್ರಹವೊಂದರ ಒಕ್ಕಲು ಮಗ. ಕೆಟ್ಟುಬಂದ ನೌಕೆಯಲ್ಲಿ ಸಾಯುತ್ತಿರುವ ವೀರನೊಬ್ಬನು ತನ್ನ ಲೆನ್ಸನ್ನು ಅವನಿಗೆ ಒಪ್ಪಿಸುತ್ತಾನೆ. ಮಗನನ್ನು ಉಳಿಸುವುದಕ್ಕಾಗಿ ತಂದೆ ಪ್ರಾಣವನ್ನು ತೆರುತ್ತಾನೆ. ಹುಡುಗನು ಯುದ್ಧಕ್ಕೆ ಹೊರಡುತ್ತಾನೆ. 1977ರ ‘ಸ್ಟಾರ್ ವಾರ್ಸ್’ ಚಿತ್ರವನ್ನು ಕಂಡವರಿಗೆ ಈ ಒಕ್ಕಲು ಹುಡುಗನು ಯಾರ ನೆಂಟನೆಂದು ಹೇಳಬೇಕಾಗಿಲ್ಲ. ಇಲ್ಲಿ ಒಂದು ವಿನೋದವಿದೆ. ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಸ್ಮಿತ್ತನ ಕಥೆಗಳ ಋಣವುಂಟೆಂದು ವಿಮರ್ಶಕರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಹಾಗಿರಲಾಗಿ, ಮೊಮ್ಮಗನ ನಡಿಗೆಯನ್ನು ತಾತನಿಗೆ ಕಲಿಸಿದಂತಾಯಿತು ಈ ಚಿತ್ರ. ಕಲಿಸುವ ಭರದಲ್ಲಿ ತಾತನ ಒಡವೆಯೇ ಕಳೆದುಹೋಯಿತು. ಗಳಿಸಬೇಕಾಗಿದ್ದ ಮಣಿ ಕೈಯಿಂದ ಕೈಗೆ ದಾಟುವ ಆಸ್ತಿಯಾದ ಮೇಲೆ, ಅದಕ್ಕೂ ಬೇರೊಂದು ಆಯುಧಕ್ಕೂ ವ್ಯತ್ಯಾಸವೇನು ಉಳಿಯಿತು?

ಇದರಿಂದ ಪರದೇಶದ ಸಾಲವೇ ದೋಷವೆಂದು ತೀರ್ಮಾನಿಸಬಾರದು. ಅದೇ ಜಪಾನಿನಲ್ಲಿ 1974ರಲ್ಲಿ ದೂರದರ್ಶನಕ್ಕೆ ಬಂದ ‘ಯಮಾತೊ’ ಎಂಬ ವ್ಯೋಮನೌಕೆಯ ಕಥೆಯನ್ನು ನೋಡಬಹುದು. ರಾಕೆಟ್ಟಿನಲ್ಲಿ ಕುಳಿತು ನಕ್ಷತ್ರಗಳಿಗೆ ಹೋಗುವ ಸಾಹಸಕಥೆಯ ಅಚ್ಚು ಅಲ್ಲಿಯೂ ಪಾಶ್ಚಾತ್ಯರದೇ. ಆದರೆ ಆಕಾಶಕ್ಕೆ ಏರುವ ನೌಕೆ 1945ರ ಏಪ್ರಿಲಿನಲ್ಲಿ ಸಮುದ್ರದಲ್ಲಿ ಮುಳುಗಿದ ಜಪಾನಿನ ಯುದ್ಧನೌಕೆ. ಅದು ಹೊರಡುವುದು ವಿಕಿರಣದಿಂದ ಬಾಡಿದ ಭೂಮಿಗೆ ಮದ್ದು ತರುವುದಕ್ಕೆ. ಹಿರೋಷಿಮ, ನಾಗಸಾಕಿಗಳನ್ನು ಅನುಭವಿಸಿದ ಜನರಿಗೆ ಇದು ಬರಿಯ ಕಟ್ಟುಕಥೆಯಾಗಿ ಕಂಡಿರಲಾರದು. ಅಚ್ಚು ಹೊರಗಿನದು, ಎರಕ ಹೊಯ್ದ ಲೋಹ ಮನೆಯದು.

ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. ತುರುವೇಕೆರೆಯ ಕಡೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಕ್ಕೆ ದಾರಿ ಮಾಡಿದರು. 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಸೊಫೊಕ್ಲೀಸನ ಗ್ರೀಕ್ ರುದ್ರನಾಟಕದ ಕಟ್ಟಿಗೆ ಭಾರತದ ವೀರನನ್ನು ಒಗ್ಗಿಸಿದರು. ಅದನ್ನು ಯಾರೂ ಅನುಕರಣವೆಂದು ತಳ್ಳಿಬಿಡಲಿಲ್ಲ. ಪಡೆದವನು ಪಡೆದುದಕ್ಕೆ ತನ್ನದೇನನ್ನು ಕೂಡಿಸಿದನೆಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಇನ್ನು ಯಂತ್ರದ ವಿಷಯ. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕೈಯಿಂದ ಬರೆಯುವ ಜಪಾನಿನ ಕಲಾವಿದರು ಒಂದೊಂದು ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ನಿಲ್ಲಿಸಿ, 12 ಅಥವಾ 8 ಚಿತ್ರಗಳಲ್ಲಿಯೇ ಆ ಸೆಕೆಂಡನ್ನು ತುಂಬಿಸುವುದುಂಟು. ಕಂಪ್ಯೂಟರ್ ಎಂಬ ಗಣಕಯಂತ್ರದ ರೀತಿ ಬೇರೆ. ನೌಕೆಯ ಒಂದೊಂದು ಮೂಲೆಯ ಉದ್ದ, ಅಗಲ, ಎತ್ತರಗಳನ್ನು ಅಂಕಿಗಳಾಗಿ ಅದಕ್ಕೆ ಒಪ್ಪಿಸುತ್ತಾರೆ. ನೋಡುವ ಕಣ್ಣು ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು ತಿಳಿಸಿದರೆ, ಅದು ಪ್ರತಿಯೊಂದು ಚೌಕಟ್ಟಿಗೂ ಹೊಸದಾಗಿ ಲೆಕ್ಕಹಾಕಿ ಚಿತ್ರವನ್ನು ಕೊಡುತ್ತದೆ. 1982ರಲ್ಲಿ ಅಮೆರಿಕದ ‘ಟ್ರಾನ್’ ಈ ವಿದ್ಯೆಯನ್ನು ಹಿರಿದಾಗಿ ತೋರಿಸಿತು. 1983ರಲ್ಲಿ ಜಪಾನಿನ ‘ಗೋಲ್ಗೊ 13’ ಚಿತ್ರ ಹೆಲಿಕಾಪ್ಟರುಗಳ ದೃಶ್ಯವೊಂದಕ್ಕೆ ಅದನ್ನು ಬಳಸಿಕೊಂಡಿತು. ಮರುವರ್ಷವೇ ‘ಲೆನ್ಸ್‌ಮನ್’ ಬಂದಿತು.

ಇದರಲ್ಲಿ ಯಂತ್ರದಿಂದ ಮೂಡಿದ ನೌಕೆಗಳು ತಪ್ಪಿಲ್ಲದೆ, ತಡವರಿಸದೆ, ನುಣುಪಾಗಿ ಹೊರಳುತ್ತವೆ. ನಮ್ಮ ಹುಲಿಯೂರುದುರ್ಗಕ್ಕೆ ದೂರವಲ್ಲದ ಚನ್ನಪಟ್ಟಣದ ಅರಗಿನ ಬೊಂಬೆಗಳಂತೆ ಅವುಗಳ ಮೈಯಲ್ಲಿ ಹೊಳಪುಂಟು, ಗಾಯವಿಲ್ಲ. ಮರುಕ್ಷಣದಲ್ಲಿಯೇ ಕೈಬರೆಹದ ಮುಖಗಳು ಬರುತ್ತವೆ. ಅಲ್ಲಿ ರೇಖೆ ನಡುಗುತ್ತದೆ, ಚಲನೆ ತುಸು ನಿಂತು ಸಾಗುತ್ತದೆ. ಎರಡು ಲೋಕಗಳೂ ಒಂದರ ಪಕ್ಕದಲ್ಲಿ ಒಂದು ಇರುತ್ತವೆ, ಬೆರೆಯುವುದಿಲ್ಲ. ಎಲ್ಲೆಯಿಲ್ಲದ ಶೂನ್ಯವನ್ನು ತೋರಿಸುವಲ್ಲಿ ಈ ಬೇರೆತನ ಒಪ್ಪುತ್ತದೆ. ಅಲ್ಲಿ ಮನುಷ್ಯಸ್ಪರ್ಶವಿಲ್ಲದಿರುವುದೇ ಸಹಜ. ಉಳಿದೆಡೆಯಲ್ಲಿ, ಕಥೆಯನ್ನು ನಿಲ್ಲಿಸಿ ಯಂತ್ರದ ಚಮತ್ಕಾರವನ್ನು ನೋಡಿರೆಂದು ಕೈಹಿಡಿದು ತೋರಿಸಿದಂತಾಗುತ್ತದೆ.

ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಯೆಂದು ಆಲಂಕಾರಿಕರು ಹೇಳಿದ್ದಾರೆ. ಸ್ಥಾಯಿಯೆಂದ ಮೇಲೆ ಅದು ನಿಲ್ಲಬೇಕು. ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆಕುದುರೆಗಳನ್ನು ರಂಗಕ್ಕೆ ತಂದರು. ಆನೆಯನ್ನು ನೋಡಲೆಂದೇ ಬಂದವರೂ ಇದ್ದಿರಬಹುದು. ಆದರೆ ಆ ಯುದ್ಧದ ಹಿಂದೆ ಜನರು ಹುಟ್ಟಿನಿಂದ ಕೇಳಿಬಂದ ಭಾರತವಿದ್ದಿತು, ಆದುದರಿಂದ ಆನೆಗೂ ಒಂದು ಅರ್ಥವಿದ್ದಿತು. ‘ಲೆನ್ಸ್‌ಮನ್’ ಚಿತ್ರದ ನೌಕೆಗಳ ಹಿಂದೆ ಅಂಥ ಆಧಾರ ಸಾಲದು. ಇಡೀ ಚಿತ್ರದಲ್ಲಿ ಮನಸ್ಸನ್ನು ಮುಟ್ಟುವುದು ತಂದೆಯ ಬೀಳ್ಕೊಡುಗೆ. ಪ್ರಾಣಕೊಟ್ಟು ಮಗನನ್ನು ಕಳುಹಿಸುವ ಆ ಒಕ್ಕಲಿಗನನ್ನು ನೋಡುವಾಗ ಯಂತ್ರದ ನೆನಪೇ ಬರುವುದಿಲ್ಲ. ನಿರ್ದೇಶಕರ ಶಕ್ತಿ ಎಲ್ಲಿತ್ತೆಂಬುದಕ್ಕೆ ಇದೇ ಸಾಕ್ಷಿ.

ಜಪಾನಿನ ಹಳೆಯ ಚಿತ್ರವೊಂದರ ಗುಣದೋಷ ನಮಗೇಕೆಂದು ಕೆಲವರು ಕೇಳಬಹುದು. ಹುಲಿಯೂರುದುರ್ಗ, ಕುಣಿಗಲು, ಗುಬ್ಬಿಗಳಂಥ ಊರುಗಳ ತರುಣರಿಗೆ ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ಕಲಿಯುವ ಅನುಕೂಲ ಈಗ ಉಂಟು. ಅಲ್ಲಿಯ ಕೆಲಸವಾದರೋ ಬಹುಮಟ್ಟಿಗೆ ಪರರ ಕಥೆಗಳಿಗೆ ಬೆರಗನ್ನು ಕಟ್ಟಿಕೊಡುವುದು. 2025ರಲ್ಲಿ ಟೆಕ್ನಿಕಲರ್ ಸಂಸ್ಥೆಯು ಬೆಂಗಳೂರಿನ ಕಾರ್ಯಾಗಾರವನ್ನು ಮುಚ್ಚಿದಾಗ, ಕೈಯಲ್ಲಿ ಕಸುಬಿದ್ದೂ ಕೆಲಸವಿಲ್ಲದವರು ಎಷ್ಟೋ ಮಂದಿಯಾದರು. ಯಂತ್ರ ಅವರ ವಶದಲ್ಲಿದ್ದರೂ ಕಥೆ ಅವರದಾಗಿರಲಿಲ್ಲ. ‘ಲೆನ್ಸ್‌ಮನ್’ ಚಿತ್ರದ ಕೊರತೆಯನ್ನೂ ‘ಯಮಾತೊ’ವಿನ ಸಿದ್ಧಿಯನ್ನೂ ಜೊತೆಯಲ್ಲಿಟ್ಟು ನೋಡಿದರೆ ಅವರಿಗೆ ಉಪಕಾರವಾದೀತು. ಹೊರಗಿನ ಅಚ್ಚನ್ನೂ ಹೊರಗಿನ ಯಂತ್ರವನ್ನೂ ಸಂಕೋಚವಿಲ್ಲದೆ ತೆಗೆದುಕೊಳ್ಳಲಿ; ಮುಳುಗಿದ ನಮ್ಮ ನೌಕೆ ಯಾವುದು, ನಾವು ಎತ್ತಬೇಕಾದುದು ಏನು ಎಂಬುದನ್ನು ಮೊದಲು ವಿಚಾರಮಾಡಲಿ. ಅಂಥ ಒಂದು ಕೃತಿ ಈ ಜಿಲ್ಲೆಯ ಕೈಯಿಂದಲೇ ಹೊರಬಂದರೆ, ಅದನ್ನು ಸ್ವಾಗತಿಸಲು ಸಹೃದಯರಿಗೆ ಇಲ್ಲಿ ಕೊರತೆಯಿಲ್ಲ.