ಚೀಟಿ ಬರೆಯುವ ಮುನ್ನ

ಬಿಪಿ 150/94 ಬಂತೆಂದು ತಕ್ಷಣ ಚೀಟಿ ಬರೆಯದ ಡಾಕ್ಟರನ್ನು ಕಂಡರೆ ನನಗೆ ಗೌರವ. ನಮ್ಮ ಬೀದಿಯ ಫ್ಯಾಮಿಲಿ ಡಾಕ್ಟರು ಅಂಥವರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರನ್ನು ಮೊದಲು ಐದು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮಾತು ಬೇಡ. ದಪ್ಪ ತೋಳಿಗೆ ದೊಡ್ಡ ಪಟ್ಟಿಯನ್ನೇ ಸುತ್ತುತ್ತಾರೆ. ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಎರಡನೇ ಸಲವೂ 140/90 ದಾಟಿತೋ, ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆದು ಬರೆದುಕೊಂಡು ಬನ್ನಿ ಎನ್ನುತ್ತಾರೆ. ಬಿಳಿ ಕೋಟು ಕಂಡರೇ ಕೆಲವರ ಒತ್ತಡ ಏರುತ್ತದಲ್ಲ! 180/110 ಮುಟ್ಟಿದ್ದರೆ ಮಾತ್ರ ಇಷ್ಟು ಕಾಯುವ ಮಾತಿಲ್ಲ.

ಒತ್ತಡ ಏರಿಸುವುದೇನಾದರೂ ಇದೆಯೇ ಎಂದು ತಿಳಿಯಲು, ಮಂಡಿನೋವಿಗೆ ಯಾವ ಮಾತ್ರೆ ನುಂಗುತ್ತೀರಿ, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಎಷ್ಟು ಎಂದೆಲ್ಲ ಕೇಳುತ್ತಾರೆ. ಸಕ್ಕರೆ ಕಾಯಿಲೆಯ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ಬರೆಯುತ್ತಾರೆ. ಮಗು ಬೇಕೆಂದಿರುವ ಹೆಣ್ಣುಮಗಳಿಗೆ ಅದು ಸಲ್ಲದು. ಬಿಪಿಯದೇ ಇನ್ನೊಂದು ಮಾತ್ರೆಯಾದ ಆಮ್ಲೋಡಿಪಿನ್‌ನಿಂದ ಪಾದ ಊದಿದರೆ ಡೋಸ್ ಇಳಿಸಿ ಇನ್ನೊಂದು ಔಷಧ ಸೇರಿಸುತ್ತಾರೆ.

ನನಗೆ ತುಂಬ ಹಿಡಿಸಿದ್ದು ಎಂಬತ್ತು ದಾಟಿದವರನ್ನು ಅವರು ನೋಡುವ ರೀತಿ. ಕೂತಾಗ ಒಮ್ಮೆ ಅಳೆದು, ಎದ್ದು ನಿಲ್ಲಿಸಿ, ಮೂರು ನಿಮಿಷದೊಳಗೆ ಮತ್ತೆ ಅಳೆಯುತ್ತಾರೆ. ಮೇಲಿನ ಅಂಕಿ 20 ಕುಸಿಯಿತೆಂದರೆ ಡೋಸ್ ಏರಿಸಲು ಅವಸರಪಡುವುದಿಲ್ಲ. ರಾತ್ರಿ ಬಚ್ಚಲಿಗೆಂದು ಎದ್ದವರು ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡರೆ ಆ ಮನೆಯ ಪಾಡೇನೆಂದು ಅವರಿಗೆ ಗೊತ್ತು. ಆಮೇಲೆ ಜೊತೆಗೆ ಬಂದ ಮಗಳ ಕಡೆ ತಿರುಗಿ, ತಿಂಗಳಿಗೆ ಮಾತ್ರೆಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳುತ್ತಾರೆ. ದುಬಾರಿಯಾಯಿತೆಂದರೆ ಜನೌಷಧಿ ಕೇಂದ್ರದಲ್ಲಿ ಕೇಳುವಂತೆ ಔಷಧದ ಮೂಲ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತಾರೆ.