ಸಾಹಿತ್ಯ ಸಮೀಕ್ಷೆ ಮತ್ತು ಮೌಖಿಕ ಆಕರ

ವೈದ್ಯಕೀಯ ನಿಯತಕಾಲಿಕೆಗಳಿಗೆ ಸಿದ್ಧಪಡಿಸುವ ಸಾಹಿತ್ಯ ಸಮೀಕ್ಷೆ ಪೂರ್ವಸೂರಿಗಳ ಋಣವನ್ನು ಒಪ್ಪಿಕೊಳ್ಳುವ ಬರವಣಿಗೆ. ಮೈಸೂರಿನ ವಿದ್ಯಾರಣ್ಯಪುರಂ ಬಡಾವಣೆಯ ಹೆಸರು ನೆನಪಿಗೆ ತರುವ ವಿದ್ಯಾರಣ್ಯರದೆಂದು ಪರಂಪರೆ ಹೇಳುವ ‘ಸರ್ವದರ್ಶನಸಂಗ್ರಹ’ 14ನೆಯ ಶತಮಾನದಲ್ಲೇ ಇಂಥದೊಂದು ಕೆಲಸ ಮಾಡಿತ್ತು. ತಾನು ಒಪ್ಪದ ಚಾರ್ವಾಕ ಮತವನ್ನೇ ಅದು ಮೊದಲು ವಿವರಿಸಿತು. ಇಂದಿನ ಸಮೀಕ್ಷೆಗಳಲ್ಲಿ ಆ ಔದಾರ್ಯ ಕಡಿಮೆ. ವ್ಯವಸ್ಥಿತ ಸಮೀಕ್ಷೆಗಳಿಗಾಗಿ 2009ರಲ್ಲಿ ಬಂದ ‘ಪ್ರಿಸ್ಮಾ’ ಮಾರ್ಗಸೂಚಿ, ಎಲ್ಲಿ ಹುಡುಕಲಾಯಿತು, ಎಷ್ಟು ಲೇಖನಗಳನ್ನು ಕೈಬಿಡಲಾಯಿತು ಎಂಬ ಲೆಕ್ಕ ಕೇಳುತ್ತದೆ. ಶಿಸ್ತು ಮೆಚ್ಚತಕ್ಕದ್ದೇ. ಆದರೆ ಮುದ್ರಣಕ್ಕೆ ಬಾರದ ಅರಿವು ಕೈಬಿಟ್ಟವುಗಳ ಲೆಕ್ಕಕ್ಕೂ ಸೇರುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಾಣುಜ್ವರವನ್ನೇ ನೋಡಬಹುದು. ಸಮೀಕ್ಷೆಗಳು ಸಾಮಾನ್ಯವಾಗಿ ವೈರಾಣುವನ್ನು ಬೇರ್ಪಡಿಸಿದ ವಿಜ್ಞಾನಿಗಳಿಂದ ಆರಂಭವಾಗುತ್ತವೆ. ‘ಮಂಗನ ಕಾಯಿಲೆ’ ಎಂಬುದು ಬರಿಯ ಪರ್ಯಾಯನಾಮವಾಗಿ ಉಳಿಯುತ್ತದೆ. ಸತ್ತ ಮಂಗಗಳಿಗೂ ಮನುಷ್ಯರ ಜ್ವರಕ್ಕೂ ನಂಟು ಕಂಡ ಹೆಸರು ಅದು. ಅಂದರೆ ಹೆಸರಲ್ಲ, ವೀಕ್ಷಣೆ. ಹಾಗೆಂದು ಜನಪದರ ಮಾತೆಲ್ಲ ಪ್ರಮಾಣವಾಗದು. ರೋಗವನ್ನು ದಾಟಿಸುವುದು ಉಣುಗು ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಆದರೆ ಅದನ್ನು ಪರೀಕ್ಷೆಗೆ ಒಡ್ಡಬೇಕಾದರೆ ಮೊದಲು ಅದು ಆಕರಗಳ ಸಾಲಿಗೆ ಬರಬೇಕು. ಹೇಳಿದವರು ಯಾರು, ಯಾವ ಊರು, ಯಾವ ಕಾಲ ಎಂದು ದಾಖಲಿಸುವ ಕ್ರಮ ಜಾನಪದ ಕ್ಷೇತ್ರಕಾರ್ಯದಲ್ಲಿ ಹಳೆಯದು. ವೈದ್ಯಕೀಯ ಸಂಪಾದಕರು ಅದನ್ನು ಎರವಲು ಪಡೆಯಲು ಅಡ್ಡಿಯೇನೂ ಇಲ್ಲ.