ಏತ ಬಾಗಿತು, ಜಗ್ಗಿದವರು ಯಾರು?

ಬಸವಕಲ್ಯಾಣದ ಸೀಮೆಯ ಗೋರ್ಟಾ (ಬಿ)ಯಂಥ ಊರುಗಳಲ್ಲಿ ಬಸವಣ್ಣನವರ ವಚನ ಯಾರಿಗೂ ಹೊಸದಲ್ಲ. ಅವರದೊಂದು ವಚನದಲ್ಲಿ ನೀರೆತ್ತುವ ಏತ ಬರುತ್ತದೆ. ಅದರ ಬಾಗುವಿಕೆಯನ್ನು ಭಕ್ತಿಯೆಂದು ಎಣಿಸಬೇಡಿ ಅನ್ನುವುದು ಅಲ್ಲಿನ ಮಾತು. ಪಂಡಿತರು ಇದಕ್ಕೆ 'ಡಾಂಭಿಕ ಭಕ್ತಿಯ ಖಂಡನೆ' ಎಂಬ ಚೀಟಿ ಅಂಟಿಸಿ ಮುಂದಕ್ಕೆ ಹೋಗುತ್ತಾರೆ. ಆ ಅರ್ಥ ಸುಳ್ಳಲ್ಲ. ಆದರೆ ನೀರು ಎತ್ತಿದವರ ಮಕ್ಕಳಾದ ನಮಗೆ ಅಷ್ಟೇ ಸಾಲದು.

ಏತ ಅಂದರೇನು? ಕವೆಗಂಬದ ಮೇಲೆ ಒಂದು ಉದ್ದನೆಯ ಮರ. ಹಿಂತುದಿಗೆ ಕಲ್ಲಿನ ಭಾರ, ಮುಂತುದಿಯಿಂದ ಇಳಿಬಿಟ್ಟ ಗಳಕ್ಕೆ ನೀರಿನ ಪಾತ್ರೆ. ಆಳು ಮೈಭಾರ ಹಾಕಿ ಗಳವನ್ನು ಕೆಳಗೆ ಜಗ್ಗಬೇಕು. ಪಾತ್ರೆ ತುಂಬಿದ ಮೇಲೆ ಹಿಂದಿನ ಕಲ್ಲು ಇಳಿದು ನೀರನ್ನು ಮೇಲಕ್ಕೆ ತರುತ್ತದೆ. ಈಜಿಪ್ಟಿನಲ್ಲಿ ಇದನ್ನೇ ಶಾದೂಫ್ ಅಂತಾರೆ. ಅಲ್ಲಿನ ಸುಮಾರು 3200 ವರ್ಷ ಹಳೆಯ ಗೋರಿಯ ಗೋಡೆಯ ಮೇಲೂ ಇದರ ಚಿತ್ರವಿದೆ. ಎಲ್ಲಿಯದೇ ಆಗಲಿ, ಏತ ತಾನಾಗಿ ಬಾಗುವುದಿಲ್ಲ. ಯಾರೋ ಜಗ್ಗುತ್ತಾರೆ, ಅದು ಬಾಗುತ್ತದೆ.

ಇದನ್ನು ತಿಳಿದು ವಚನ ಓದಿ ನೋಡಿ. ಧಣಿಗಳ ಅಂಗಳದಲ್ಲಿ ನಮ್ಮ ಹಿರೀಕರು ನಡು ಬಗ್ಗಿಸಿ ನಿಂತರು. ಧಣಿಗಳು ಅದನ್ನು 'ವಿನಯ' ಅಂದರು, 'ನಿಯತ್ತು' ಅಂದರು. ಎಲ್ಲಿಯ ವಿನಯ? ಹಸಿವು, ಜಾತಿ ಎರಡೂ ಸೇರಿ ಅವರನ್ನು ಕೆಳಗೆ ಜಗ್ಗಿದ್ದವು. ಹಾಗೆ ಬಾಗಿದ್ದು ಭಕ್ತಿಯಲ್ಲ ಎನ್ನಲು ಬಸವಣ್ಣನವರ ಮಾತೇ ನಮಗೆ ಸಾಕ್ಷಿ.

ಆಳದ ಬಾವಿಗೆ ಏತ ನಿಲುಕದು. ಅಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದರು; ಮರಾಠಿ ಗಡಿಯಲ್ಲಿ ಅದು ಮೋಟ್. ಅದರ ತೊಗಲ ಚೀಲ ಹೊಲಿದವರು ನಮ್ಮವರು. ಆ ಚೀಲದ ನೀರು ಕುಡಿದ ಬೆಳೆಗೆ ಮೈಲಿಗೆಯಿಲ್ಲ, ಹೊಲಿದವನ ಕೊಡ ಊರಬಾವಿಗೆ ಇಳಿದರೆ ಮೈಲಿಗೆ! 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರ್ ನೀರು ಕುಡಿದದ್ದು ಈ ಅನ್ಯಾಯದ ಲೆಕ್ಕದ ವಿರುದ್ಧವೇ.

ಇನ್ನೊಂದು ಮಾತನ್ನೂ ಹೇಳಬೇಕು. ಆ ವಚನದೊಳಗೆ ಏತ ಇದೆ, ಜಗ್ಗುವ ಆಳು ಇಲ್ಲ. ಹೀಗೆ ಹೇಳಿದರೆ ಬಸವದ್ರೋಹವೇನೂ ಆಗುವುದಿಲ್ಲ. ಚರ್ಮದ ಕಸುಬಿನ ಹರಳಯ್ಯನನ್ನು ಶರಣನೆಂದು ಕೂಡಿಸಿಕೊಂಡ ಕಲ್ಯಾಣ ಅದು. ಆ ಆಳನ್ನು ವಚನದ ಪಾಠದೊಳಕ್ಕೆ ಕರೆತರುವುದು ಅದೇ ಕೆಲಸದ ಮುಂದುವರಿಕೆ.

ಹಳ್ಳಿಯ ಮೇಷ್ಟ್ರುಗಳೇ, ತಾತ್ಪರ್ಯ ಬರೆಸುವ ಮುಂಚೆ ಮಕ್ಕಳನ್ನು ಒಂದು ಹಳೇ ಬಾವಿಗೆ ಕರಕೊಂಡು ಹೋಗಿ. ಪಂಪು ಬರುವ ಮೊದಲು ಇಲ್ಲಿ ನೀರು ಎತ್ತಿದವರು ಯಾರು? ಆ ನೀರು ಹರಿದ ಹೊಲ ಯಾರದು? ಎತ್ತಿದವನಿಗೆ ಬಾಯಾರಿದಾಗ ನೀರು ಕೊಟ್ಟವರು ಯಾರು, ಹ್ಯಾಗೆ ಕೊಟ್ಟರು? ಊರಿನ ಮುದುಕರನ್ನು ಮಕ್ಕಳೇ ಕೇಳಲಿ.